ಎಡ ಭುಜ

ನವೆಂಬರ್ ೧೬, ಭಾನುವಾರ

ಬಿದ್ದು ಹತ್ತು ತಿಂಗಳಾದ ಮೇಲೆ ಇವತ್ತು ಬೈಕಿನಲ್ಲಿ ಒಬ್ಬನೇ ಬೆಟ್ಟ ಹತ್ತಿ ಬಂದೆ. "ಮೇಲಿನ ಕೆರೆ ಹೇಗಿತ್ತು?" ಎಂದು ಹೆಂಡತಿ ಕೇಳಿದಳು. ಏನು ಹೇಳಲಿ? ಎಲ್ಲೆಲ್ಲಿ ಜಲ್ಲಿ ಬಿದ್ದಿದೆ ಎಂದು ಬೇಕಾದರೆ ಹೇಳಬಲ್ಲೆ. ರಸ್ತೆಯಿಂದ ಕಣ್ಣು ಕೀಳಲೇ ಇಲ್ಲ. ತೋರಿಸುವ ಕೆಲಸ ಯಾವತ್ತೂ ಅವಳದೇ. ಹಿಂದೆ ಕೂತು ಅವಳು ಯಾವ ಭುಜ ತಟ್ಟಿದರೆ ನಾನು ಆ ಕಡೆ ನೋಡುತ್ತಿದ್ದೆ. ಅವತ್ತು ಎಡ ಭುಜ ತಟ್ಟಿದಳು, ನೋಡಿದೆ, ಜಾರಿದೆವು. ಅವಳ ಮಂಡಿನೋವು ಹೋದ ತಿಂಗಳಷ್ಟೇ ಇಳಿದಿದೆ.

ಊಟ ಬಡಿಸುತ್ತಾ ಅಂದಳು: "ಮುಂದಿನ ವಾರ ನಾನೂ ಬರ್ತೀನಿ ಕಣ್ರೀ. ಆಣೆಗೂ ಭುಜ ಮುಟ್ಟಲ್ಲ."

ತಪ್ಪು ತನ್ನದೆಂದು ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದಾಳೆ! ಆಗಲೇ ಮಾತಾಡಬೇಕಿತ್ತು, ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ. ನಿದ್ದೆ ಬಾರದೆ ಹೆಲ್ಮೆಟ್ಟನ್ನು ಮೂರು ಸಲ ಒರೆಸಿದೆ. ದಾರಿಯುದ್ದಕ್ಕೂ ಈ ಭುಜ ಅವಳ ಕೈಗೇ ಕಾಯುತ್ತಿತ್ತು ಎಂದು ಬೆಳಗ್ಗೆ ಹೇಳಿಬಿಡಬೇಕು, ಕಾಫಿಗಿಂತ ಮೊದಲೇ, ಇಲ್ಲದಿದ್ದರೆ ಮತ್ತೆ ಮುಂದೂಡಿಬಿಡುತ್ತೇನೆ.