ನಾಲ್ಕು ನಿಮಿಷಕ್ಕೆ ನಿಂತ ಕಟರ್

ಗದಗ-ಬೆಟಗೇರಿ,
ಇಸವಿ ೨೧೭೪, ಎರಡನೇ ಬೇಸಿಗೆಯ ಹನ್ನೊಂದನೇ ದಿನ

ಪೂಜ್ಯ ಮೌನೇಶಜ್ಜನವರಿಗೆ,

ನಿಮ್ಮ ಆರನೇ ತಲೆಮಾರಿನ ಮೊಮ್ಮಗಳು ಸುಗಂಧಾ ಬಡಿಗೇರಳ ಶರಣು. ನೀವು ಹೋದ ಮೇಲೆ ಹುಟ್ಟಿದ ಕೆಲವು ಮಾತುಗಳು ಈ ಕಾಗದದಲ್ಲಿವೆ. ಓದಲು ವಿಚಿತ್ರವೆನಿಸಿದರೆ ಮನ್ನಿಸಬೇಕು. ಇದು ನಿಮ್ಮ ಕೈ ಸೇರುವುದೋ ಇಲ್ಲವೋ ನಾನರಿಯೆ. ನಿಮ್ಮ ಕೈಬರಹದ ಒಂದೇ ಒಂದು ಹಾಳೆ ನಮ್ಮ ಮನೆಯಲ್ಲಿ ಉಳಿದಿದೆ. ಮನೆಯ ಶೆಡ್ಡಿಗೆ ಉಕ್ಕಿನ ತಗಡು ಕೊಯ್ಯುವ ಪ್ಲಾಸ್ಮಾ ಕಟರ್ ಬೇಕೆಂದು ಎರಡು ಯಂತ್ರಗಳ ವಿವರ ಬರೆದು, ಅಗ್ಗದ್ದರ ಕೆಳಗೆ ಗೆರೆ ಎಳೆದಿದ್ದೀರಿ. ಮುಂದಿನ ಹಾಳೆ ಸಿಕ್ಕಿಲ್ಲ. ಆ ಗೆರೆ ನೋಡಿದಾಗಿನಿಂದ ನನಗೆ ಸಮಾಧಾನವಿಲ್ಲ. ನಾನೂ ಹಾಗೆಯೇ ಆರಿಸಿದವಳು.

ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಮಳೆ ನಿಂತ ಮೇಲೆ ಬರುವ ಎರಡನೆಯದು ಬೆವರಿನ ಬೇಸಿಗೆ. ಒಗೆದು ಹಾಕಿದ ಸೀರೆ ಎರಡು ದಿನವಾದರೂ ಒಣಗುವುದಿಲ್ಲ. ಹನ್ನೊಂದರಿಂದ ನಾಲ್ಕರವರೆಗಿನ ಸಮಯಕ್ಕೆ ಉರಿಹೊತ್ತು ಎನ್ನುತ್ತೇವೆ. ಆಗ ಬೀದಿಯಲ್ಲಿ ಯಾರೂ ಇರುವಂತಿಲ್ಲ, ಗಾಡಿಗಳೂ ಓಡುವುದಿಲ್ಲ. ಓಣಿಗೊಂದು ತಣ್ಗೂಡು ಇದೆ. ಅದು ಉಕ್ಕಿನ ದಪ್ಪ ತಗಡಿನ ದೊಡ್ಡ ಕೋಣೆ; ಪಂಪೊಂದು ಅದರ ಗೋಡೆಗಳೊಳಗೆ ತಂಪು ನೀರು ಹರಿಸುತ್ತದೆ. ಜನ ಅಲ್ಲಿ ಕೂತು ಅವರೆಕಾಯಿ ಸುಲಿಯುತ್ತಾರೆ, ಕೌದಿ ಹೊಲಿಯುತ್ತಾರೆ, ಜಗಳಾಡುತ್ತಾರೆ, ಮಲಗುತ್ತಾರೆ. ಸೆಕೆಗೆ ಚೌಕಟ್ಟು ಸೊಟ್ಟಗಾಗಿ ಬಾಗಿಲು ಕಚ್ಚಿಕೊಂಡರೆ ಕೊಯ್ದು ತೆಗೆಯಲು ಒಬ್ಬರು ಹೊರಗಿರಬೇಕು. ನಮ್ಮ ಓಣಿಯ ಆ ಬಾಗಿಲಗಾರ್ತಿ ನಾನು. ತಣ್ಗೂಡಿನ ಪಕ್ಕದ ನನ್ನ ಶೆಡ್ಡಿಗೆ ಒದ್ದೆ ಗೋಣಿ ಇಳಿಬಿಟ್ಟುಕೊಂಡು ನಾಲ್ಕಾಗುವುದನ್ನು ಕಾಯುತ್ತೇನೆ.

ಹೋದ ತಿಂಗಳು ನನ್ನ ಹಳೆಯ ಕಟರ್ ಕೈಕೊಟ್ಟಿತು. ಬೆಟಗೇರಿ ಬಜಾರದ ರಹಿಮಾನಸಾಬರ ಅಂಗಡಿಗೆ ಹೋದೆ. ಒಂದು ಯಂತ್ರ ಹಗುರ, ನನ್ನ ಕೈಗೆಟಕುವ ಬೆಲೆ. ಇಪ್ಪತ್ತು ಮಿಲಿಮೀಟರ್ ದಪ್ಪ ಕೊಯ್ಯುತ್ತದೆಂದು ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿತ್ತು. ಇನ್ನೊಂದು ಭಾರವಾದದ್ದು, ಬಣ್ಣ ಹೋದದ್ದು, ಆದರೂ ದುಬಾರಿ. ಅದರ ಮೇಲೆ ಹನ್ನೆರಡು ಎಂದಷ್ಟೇ ಇತ್ತು.

"ಡಬ್ಬಿ ಮ್ಯಾಲಿನ ನಂಬರ ನೋಡಬ್ಯಾಡ್ರಿ ಅಕ್ಕಾರ," ಎಂದರು ರಹಿಮಾನಸಾಬರು. "ಹತ್ತು ನಿಮಿಷದಾಗ ಎಷ್ಟು ನಿಮಿಷ ನಿಲ್ಲದ ಕೊಯ್ತೈತಿ, ಅದನ್ನ ಕೇಳ್ರಿ. ಆ ಲೆಕ್ಕಾನೂ ತಂಪು ಜಾಗಾದಾಗ ಬರದದ್ದು. ನಮ್ಮ ಸೆಕಿಯೊಳಗ ಅರ್ಧಾನೂ ನಡಿಯಂಗಿಲ್ಲ."

"ವರ್ಷಕ್ಕ ಒಂದೋ ಎರಡೋ ಬಾಗಲಾ ರೀ. ಇದ ಸಾಕು," ಎಂದೆ.

"ಹಂಗಾದ್ರ ಗಾಳಿ ಒಣಗಿಸೋ ಫಿಲ್ಟರ್ ಆದ್ರೂ ಒಯ್ಯಿರಿ. ಕಂಪ್ರೆಸರಿನಿಂದ ಬರೋ ಒದ್ದಿ ಗಾಳಿ, ಉರಿ ಉಗುಳೋ ಟಾರ್ಚಿನ ಮೂತಿ ತಿಂತೈತಿ."

"ಮುಂದಿನ ಸಲ ನೋಡೂಣ," ಎಂದು ಹಗುರಾದದ್ದನ್ನು ಎತ್ತಿಕೊಂಡು ಬಂದೆ.

ಈ ಬೇಸಿಗೆಯ ನಾಲ್ಕನೇ ದಿನ, ಮಧ್ಯಾಹ್ನ ಒಂದರ ಹೊತ್ತಿಗೆ, ತಣ್ಗೂಡಿನ ಪಂಪು ನಿಂತಿತು. ಒಳಗಿನಿಂದ ತಗಡು ಬಡಿಯತೊಡಗಿದರು. ತಂಪು ನೀರು ನಿಂತು ಚೌಕಟ್ಟು ಸೊಟ್ಟಗಾಗಿತ್ತು; ಬಾಗಿಲು ಕದಲಲಿಲ್ಲ. ಒಳಗೆ ಹತ್ತೊಂಬತ್ತು ಜನ, ಅವರಲ್ಲಿ ನನ್ನ ಅತ್ತೆ ಕಾಶವ್ವನೂ ಇದ್ದರು. ಎಲ್ಲರೂ ಹಿಂದಿನ ಗೋಡೆಗೆ ಸರಿಯಿರಿ ಎಂದು ಕೂಗಿ ಕಟರ್ ಹಚ್ಚಿದೆ. ಮೊದಲ ಗೆರೆ ಚೆನ್ನಾಗಿಯೇ ಇಳಿಯಿತು. ನಾಲ್ಕನೇ ನಿಮಿಷಕ್ಕೆ ಕೆಂಪು ದೀಪ ಹತ್ತಿ ಯಂತ್ರ ನಿಂತುಬಿಟ್ಟಿತು. ಆರಲಿ ಎಂದು ಕಾದರೆ, ಆ ಬಿಸಿಯಲ್ಲಿ ಆರುವುದೆಲ್ಲಿ ಬಂತು? ಹದಿನೈದು ನಿಮಿಷದ ಮೇಲೆ ಮತ್ತೆ ಹತ್ತಿತು, ಒಂದು ಗೇಣು ಕೊಯ್ದು ಮತ್ತೆ ನಿಂತಿತು. ಅಷ್ಟರಲ್ಲಿ ಮೂತಿ ಸವೆದು ಉರಿ ಪಕ್ಕಕ್ಕೆ ಚದುರತೊಡಗಿತ್ತು.

ರಹಿಮಾನಸಾಬರಿಗೆ ಫೋನ್ ಮಾಡಿದೆ. ಅವರು ಒಂದು ಮಾತೂ ಕೇಳಲಿಲ್ಲ. "ಬಂದೆ," ಎಂದರು, ಅಷ್ಟೇ.

ಕಟರಿಗೆ ಗಾಳಿ ಕೊಡುವ ಪೈಪನ್ನು ಬಿಚ್ಚಿ, ಕೊಯ್ದ ಸೀಳಿಗೆ ಹಿಡಿದು ಕಂಪ್ರೆಸರಿನ ಗಾಳಿಯನ್ನು ಒಳಗೆ ಬಿಟ್ಟೆ. ಇದ್ದದ್ದು ಒಂದೇ ಕಂಪ್ರೆಸರು. ಗಾಳಿ ಅವರಿಗೆ ಕೊಟ್ಟರೆ ಕೊಯ್ಯುವಂತಿಲ್ಲ, ಕೊಯ್ದರೆ ಅವರಿಗೆ ಗಾಳಿಯಿಲ್ಲ. ಯಾವುದು ಸರಿ ಎಂದು ಇಂದಿಗೂ ತಿಳಿಯದು. ಸೀಳಿನ ಆಚೆಯಿಂದ ಅತ್ತೆಯ ದನಿ ಕೇಳಿತು: "ಸುಗಂಧಾ, ನಿನ್ನ ಮಷಿನ್ನಿಗೆ ಇನ್ನೂ ಎಷ್ಟೊತ್ತು ನಿದ್ದಿ ಬೇಕ?" ಯಾರೋ ನಕ್ಕರು. ಆಮೇಲೆ ನಗುವೂ ಇಲ್ಲ, ಬಡಿತವೂ ಇಲ್ಲ.

ರಹಿಮಾನಸಾಬರು ಆ ಭಾರದ ಯಂತ್ರವನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು, ಉರಿಹೊತ್ತಿನಲ್ಲಿ ಅರ್ಧ ತಾಸು ನಡೆದು ಬಂದರು. ಅರವತ್ತೆಂಟು ವಯಸ್ಸು. ತಾವೇ ಫಿಲ್ಟರ್ ಜೋಡಿಸಿದರು. "ಟಾರ್ಚ್ ನೀವ ಹಿಡೀರಿ, ನನ್ನ ಕೈ ನಡಗಾಕತ್ತಾವ," ಎಂದರು. ಏಳು ನಿಮಿಷ, ಒಮ್ಮೆಯೂ ನಿಲ್ಲದೆ ಕೊಯ್ದಿತು. ತಗಡು ಹೊರಕ್ಕೆ ಬಿತ್ತು. ಹತ್ತೊಂಬತ್ತು ಜನರನ್ನೂ ಜೀವಂತ ಹೊರಗೆಳೆದು ಶೆಡ್ಡಿನ ಒದ್ದೆ ಗೋಣಿಗಳ ಮೇಲೆ ಮಲಗಿಸಿದೆವು. ಅತ್ತೆಗೆ ನೀರು ಕುಡಿಸಿ ತಿರುಗಿ ನೋಡಿದರೆ ರಹಿಮಾನಸಾಬರು ಕಂಪ್ರೆಸರಿಗೆ ಒರಗಿ ಕೂತಿದ್ದರು. ಮೈಯಲ್ಲಿ ಒಂದು ಹನಿ ಬೆವರಿರಲಿಲ್ಲ. ಕರೆದರೆ ಓಗೊಡಲಿಲ್ಲ.

ಅಜ್ಜಾರೇ, ಅಗ್ಗದ್ದು ಕೊಳ್ಳಬೇಡಿ ಎಂದು ಹೇಳುವಷ್ಟು ದೊಡ್ಡವಳು ನಾನಲ್ಲ. ನಮ್ಮಂಥವರ ಶೆಡ್ಡಿಗೆ ಅಗ್ಗದ್ದೇ ಗತಿ. ಆದರೆ ಕೊಳ್ಳುವ ಮುನ್ನ, ನೀವು ದಿನವೂ ಕೊಯ್ಯುವ ದಪ್ಪದ ತಗಡನ್ನು ಅಂಗಡಿಗೆ ಒಯ್ಯಿರಿ. ಬಿಸಿಲಲ್ಲಿ ಇಟ್ಟು, ನಿಮ್ಮ ಕಣ್ಣೆದುರಿಗೇ ಯಂತ್ರ ನಿಲ್ಲುವವರೆಗೂ ಕೊಯ್ದು ತೋರಿಸಲು ಕೇಳಿರಿ. ಗಾಳಿ ಒಣಗಿಸುವ ಫಿಲ್ಟರನ್ನು ಅದೇ ದಿನ ತನ್ನಿರಿ. ಮಾರುವವರು ಸಂಕೋಚ ಬಿಟ್ಟು ನಿಜ ಹೇಳಿದರೆ, ಆ ಮಾತು ಕೇಳಿರಿ.

ಬಿಸಿಲು ಬಡಿದ ರಹಿಮಾನಸಾಬರು ಏಳು ದಿನದಿಂದ ಆಸ್ಪತ್ರೆಯಲ್ಲಿದ್ದಾರೆ. ನಿನ್ನೆ ಕಣ್ಣು ಬಿಟ್ಟರು. ಯಾರ ಗುರುತೂ ಹತ್ತಲಿಲ್ಲ. ಅವರ ಹೆಂಡತಿ ಜೈತುನ್‌ಬಿ ನನ್ನನ್ನು ಬೈಯಲಿಲ್ಲ. ಮಗ್ಗುಲಲ್ಲಿ ಕೂಡಿಸಿಕೊಂಡು ಮೆಲ್ಲಗೆ ಕೇಳಿದರು: "ಮೊದಲಿಗೇ ಆ ಭಾರದ್ದನ್ನ ಯಾಕ ಒಯ್ಯಲಿಲ್ಲ, ತಂಗಿ?" ಈಗ ಗಂಜಿ ತೆಗೆದುಕೊಂಡು ಮತ್ತೆ ಅಲ್ಲಿಗೇ ಹೊರಟಿದ್ದೇನೆ. ಇವತ್ತೂ ಕೇಳಿದರೆ ಏನು ಹೇಳಲಿ?

ಇಂತಿ ನಿಮ್ಮ,
ಸುಗಂಧಾ