ಗಂಜಿಯಲ್ಲಿ ಬೆರೆತ ಸಿಂಗಳೀಕ

ನನ್ನ ಮೇಷ್ಟ್ರೇ,

ನೀವು ಹೋಗಿ ಐದು ವರ್ಷವಾಯಿತು. ನಿಮಗೆ ಬರೆಯುವಾಗ ಅಕ್ಷರ ಮಾತ್ರ ಇನ್ನೂ ಹೆದರಿಕೊಂಡು ನೆಟ್ಟಗೆ ನಿಲ್ಲುತ್ತದೆ.

ಕೆಂಗೇರಿಯ ಶಾಲೆಯಲ್ಲಿ ಸಿಂಗಳೀಕದ ಪಾಠ ಮಾಡಿದ್ದು ನೆನಪಿದೆಯೇ? "ಊರ ಕೋತಿ ಬಾಳೆಹಣ್ಣು ಕಿತ್ಕೊಂಡಾದ್ರೂ ಬದುಕ್ಕೊಳತ್ತೆ ಕಣ್ರೋ. ಈ ಕರಿ ಕೋತಿಗೆ ಘಟ್ಟದ ಕಾಡು ಬಿಟ್ರೆ ಬೇರೆ ಊರಿಲ್ಲ. ನೆಲಕ್ಕಿಳಿಯೋದೇ ಅಪರೂಪ. ಕಾಫಿ ತೋಟಕ್ಕೆ ಅಂತ ಮರ ಕಡಿದ್ರೆ ಅದರ ರಸ್ತೆನೇ ಕಡಿದಂಗೆ. ಹೆರೋದು ಒಂದೇ ಮರಿ, ಇನ್ನೊಂದಕ್ಕೆ ವರ್ಷಗಟ್ಲೆ. ಅಂಥಾದ್ದನ್ನ ಉಬ್ಬಸದ ಮದ್ದಿಗೆ ಅಂತ ಹೊಡೀತಾರೆ." ಹಿಂದಿನ ಬೆಂಚಿನಿಂದ ನಾನು ಪ್ರಾಸ ಕಟ್ಟಿದೆ: ಬೆಟ್ಟದ ಮೇಲೆ ಕಾಫಿ, ಭರಣಿಯೊಳಗೆ ಕಪಿ. ನೀವು ಮೊದಲು ಕಿವಿ ಹಿಂಡಿ, ಆಮೇಲೆ ಅದನ್ನೇ ಕರಿಹಲಗೆಯ ಮೇಲೆ ಬರೆದಿರಿ.

ನಿಮ್ಮ ಕೊನೆಯ ಮಳೆಗಾಲದಲ್ಲಿ ಉಬ್ಬಸ ಹೆಚ್ಚಾಗಿ ಗೋಡೆಗೊರಗಿ ಕೂತೇ ಇರುತ್ತಿದ್ದಿರಿ. ನಿಮ್ಮ ಮನೆಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಗಂಜಿ ಕಾಯಿಸುವ ಕೆಲಸ ನನ್ನದು. ಮಾಗಡಿ ರಸ್ತೆಯಲ್ಲಿ ಮಾರುತ್ತಿದ್ದ ಸಿಂಗಳೀಕದ ಲೇಹ್ಯ ತಂದೆ. "ಇದನ್ನ ತಿಂದು ನಾನು ಉಳಿದ್ರೆ ಕಾಡಲ್ಲಿ ಒಂದು ಕಮ್ಮಿ, ಊರಲ್ಲಿ ಒಂದು ಜಾಸ್ತಿ. ತಗೊಂಡ್ಹೋಗಯ್ಯಾ" ಎಂದಿರಿ. ತೆಗೆದುಕೊಂಡು ಹೋದೆ, ಅಡಿಗೆಮನೆಗೆ. ಹದಿನೈದು ದಿನ ಗಂಜಿಯಲ್ಲಿ ಬೆರೆಸಿ ಕುಡಿಸಿದೆ, ಮೇಷ್ಟ್ರೇ. "ಏನಯ್ಯಾ, ಕಹಿ?" ಅಂದಿರಿ. ಮೆಂತ್ಯ ಅಂದೆ. ನಿಮಗೆ ನಾನು ಹೇಳಿದ ಸುಳ್ಳು ಅದೊಂದೇ... ಅಲ್ಲ, ಸಿಕ್ಕಿಬೀಳದ ಸುಳ್ಳು ಅದೊಂದೇ.

ಹೋದ ವಾರ ನನ್ನ ಮಗಳು ಶಾರದೆಗೆ ಉಬ್ಬಸ ಬಂತು. ರಾಜಾಜಿನಗರದ ನಮ್ಮ ಹೊಸ ಮನೆಯ ಸುತ್ತ ಇಟ್ಟಿಗೆ, ಸುಣ್ಣದ ದೂಳು. ನಮ್ಮತ್ತೆ ಅದೇ ಲೇಹ್ಯದ ಭರಣಿ ತಂದಿಟ್ಟರು. ಡಾಕ್ಟರ ಮಾತ್ರೆ ಸಾಕು ಎಂದೆ.

"ಅಳಿಯಂದ್ರೇ, ಮಗೂಗಿಂತ ಕೋತಿ ಹೆಚ್ಚಾಯ್ತಾ ನಿಮಗೆ?"

ಹೆಂಡತಿ ಆಗಲೇ ಚಮಚ ಹಿಡಿದಿದ್ದಳು. "ಅಲ್ರೀ, ಮೇಷ್ಟ್ರು ಇದನ್ನ ಬೇಡ ಅಂದೇ ಹೋದ್ರು. ಇವಳನ್ನೂ ಹಂಗೇ ಕಳಿಸ್ತೀರಾ?"

"ಅವರು ಬೇಡ ಅಂದ್ರು. ನಾನು ಕದ್ದು ಕುಡಿಸ್ದೆ ಕಣೇ. ಭರಣಿ ಪೂರ್ತಿ ಖಾಲಿ ಆಯ್ತು. ಆಮೇಲೇ ಹೋದ್ರು."

ಅವಳು ಚಮಚ ಕೆಳಗಿಟ್ಟಳು. ಅತ್ತೆ ಭರಣಿಯ ಮುಚ್ಚಳ ಹಾಕಿ ಕೇಳಿದರು: "ಅವರಿಗೆ ಗೊತ್ತಿತ್ತಾ?"

ಏನು ಹೇಳಲಿ? ಅದಕ್ಕೇ ಈ ಕಾಗದ.

ಇವತ್ತು ಬೆಳಿಗ್ಗೆ ಶಾರದೆ ಮಾತ್ರೆ ನುಂಗಿ, ಜಡೆ ಬಿಗಿಯಾಯಿತೆಂದು ಅಮ್ಮನ ಜೊತೆ ಜಗಳವಾಡಿ ಶಾಲೆಗೆ ಹೋದಳು. ಜಗಳವಾಡುವಷ್ಟು ಉಸಿರು ಬಂದಿದೆ. ನಾನೂ ಈಗ ಮೇಷ್ಟ್ರು. ಸೋಮವಾರ ಪಾಠವಿದೆ, ಸಿಂಗಳೀಕದ್ದೇ. ಅದು ಯಾಕೆ ಕಮ್ಮಿಯಾಗುತ್ತಿದೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಕಾಡು ಕಡಿದವರ ವಿಷಯ ಹೇಳುತ್ತೇನೆ, ಕೋವಿ ಹಿಡಿದವರದ್ದೂ ಹೇಳುತ್ತೇನೆ. ಆಮೇಲೆ, ಲೇಹ್ಯ ಕೊಂಡವನ ಹೆಸರು.

ರಂಗನಾಥ