ಗೈಡಿನ ಕೊನೆಯ ಹದಿನಾರು ಪುಟ

ಹಾರೂಗೇರಿ
೧೨ ಮಾರ್ಚ್ ೧೯೮೯, ರವಿವಾರ

ನನ್ನ ಅವ್ವನ ಒಬ್ಬನೇ ತಮ್ಮ, ಕಾಗವಾಡದ ದ್ರಾಕ್ಷಿ ತೋಟದ ಧಣಿ, ಬಸ್‌ಸ್ಟ್ಯಾಂಡ್ ಎದುರಿನ ಪುಸ್ತಕದಂಗಡಿಯ ಮಾಲೀಕ ಲಗಮಣ್ಣ ಮಾಮಾನ ಪಾದಗಳಿಗೆ ರಾವಸಾಹೇಬನ ಸಾಷ್ಟಾಂಗ ನಮಸ್ಕಾರ.

ಇಲ್ಲಿ ಎಲ್ಲರೂ ಆರಾಮ. ನಿನ್ನ ಎರಡೂ ಪತ್ರಗಳಿಗೆ ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ, ಸಾಹಿತ್ಯ ಸೇವೆಯಲ್ಲಿ ಮುಳುಗಿದ್ದೆ. ನಗಬೇಡ. ಬಿ.ಎ. ಕೊನೆಯ ವರ್ಷವನ್ನು ಒಮ್ಮೆ ಓದಿ ತೃಪ್ತಿಯಾಗದೆ ಮತ್ತೊಮ್ಮೆ ಓದುತ್ತಿರುವವನು ನಾನು. ಅಷ್ಟರಲ್ಲಿ ತಂಗಿ ಸುಂದರಾ ಬಂದು ನನ್ನ ಕ್ಲಾಸಿನಲ್ಲೇ ಮುಂದಿನ ಬೆಂಚು ಹಿಡಿದಿದ್ದಾಳೆ. ದಿನಾ ಒಂದೇ ಬಸ್ಸಿನಲ್ಲಿ ಅಥಣಿಗೆ ಹೋಗುತ್ತೇವೆ. ಅವಳು ಓದಲು, ನಾನು ಜೊತೆಗೆ. ಅವ್ವ ಬರುವ ಶುಕ್ರವಾರ ನಿಪ್ಪಾಣಿಗೆ ಹೋಗಿ ಅವಳ ಲಗ್ನದ ಸೀರೆ ತರುವವಳಿದ್ದಾಳೆ. ಮದುಮಗನಾದ ನಿನಗೆ ಇದು ಗೊತ್ತೇ ಇರಬೇಕು.

ಈಗ ದೂರು. ನಿನ್ನ ಅಂಗಡಿಯಿಂದ ನಮ್ಮ ಕಾಲೇಜಿಗೆ ಬಂದ ಇಂಗ್ಲಿಷ್ ಕಾದಂಬರಿಯ ಗೈಡಿದೆಯಲ್ಲ, ಅದರಲ್ಲಿ ಕೊನೆಯ ಹದಿನಾರು ಪುಟಗಳೇ ಇಲ್ಲ! ಹೊಲಿಯುವವರಿಗೆ ನಿದ್ದೆ ಬಂದಿತ್ತೋ ಏನೋ, ಇಡೀ ಗಂಟಿನಲ್ಲಿ ಒಂದಕ್ಕೂ ಇಲ್ಲ. ನಾಯಕಿ ಮಳೆಯಲ್ಲಿ ತೊಯ್ದು, ಟ್ರಂಕು ಹಿಡಿದು, ಸೋದರಮಾವನ ಮನೆ ಬಾಗಿಲು ಬಡಿಯುತ್ತಾಳೆ. ಪುಟ ತಿರುವಿದರೆ ರಟ್ಟು.

ಮೂಲ ಕಾದಂಬರಿ ಓದಬಾರದಿತ್ತೇ ಅನ್ನಬೇಡ. ನಮ್ಮಲ್ಲಿ ಆ ಪದ್ಧತಿ ಇಲ್ಲ. ವಿರುಪಾಕ್ಷಪ್ಪ ಸರ್ ಮೊದಲ ದಿನವೇ ಹೇಳಿದ್ದರು, "ಮೂಲ ಪುಸ್ತಕ ಓದಿ ತಲಿ ಕೆಡಿಸ್ಕೋಬ್ಯಾಡ್ರಿ. ಗೈಡಿನ್ಯಾಗ ಎಲ್ಲಾ ಐತಿ." ಅವರೂ ಅದೇ ಗೈಡಿಗೆ ಹಳೆ ಪೇಪರಿನ ಹೊದಿಕೆ ಹಾಕಿ, ಹೆಸರು ಕಾಣದಂತೆ ಎದೆಗೊತ್ತಿಕೊಂಡು ಪಾಠ ಮಾಡುತ್ತಾರೆ. ಹೀಗಾಗಿ ಅವರ ಪಾಠವೂ ಆ ಬಾಗಿಲಲ್ಲೇ ನಿಂತಿತು. ಮುಂದೆ ಹೋಗಲಾರದೆ ಒಂದು ವಾರ ನಾಯಕಿಯ ಟ್ರಂಕಿನ ಮಹತ್ವವನ್ನು ವಿವರಿಸಿದರು. ಆ ಟ್ರಂಕಿನ ಮೇಲೆ ನಾನೀಗ ಎಂಟು ಪುಟ ಬರೆಯಬಲ್ಲೆ.

ಕೊನೆಗೆ ನಾನೇ ಎದ್ದು, "ಸರ, ಅಂಗಡಿ ನಮ್ಮ ಮಾಮಾಂದ ಐತ್ರಿ. ಉಳದದ್ದು ಬರಕೊಂಡ ಬರ್ತೇನ್ರಿ" ಎಂದೆ. ಕಾಗವಾಡದ ದಿಕ್ಕಿಗೂ ಬರಲಿಲ್ಲ. ಕ್ಯಾಂಟೀನಿನಲ್ಲಿ ಚುರುಮುರಿ ತಿನ್ನುತ್ತ ಕಾದಂಬರಿ ಮುಗಿಸಿದೆ. ಕಷ್ಟವೇನಿರಲಿಲ್ಲ ಮಾಮಾ. ಅವ್ವನ ತಮ್ಮ, ಲಗ್ನವಾಗಿಲ್ಲ, ದೊಡ್ಡ ಸೇಬಿನ ತೋಟ, ಹುಡುಗಿಯ ಫೀಜು ಕಟ್ಟಿದವನೂ ಅವನೇ. ಇಷ್ಟೆಲ್ಲ ಸಾಮಾನು ಜೋಡಿಸಿಟ್ಟ ಮೇಲೆ ಯಾವ ಲೇಖಕ ಲಗ್ನ ಮಾಡದೆ ಬಿಡುತ್ತಾನೆ? ಚರ್ಚಿನಲ್ಲಿ ಅಕ್ಷತೆ ಹಾಕಿಸಿದೆ. ಐದು ಜನ ಇಂಗ್ಲಿಷ್ ಮುತ್ತೈದೆಯರಿಂದ ಆರತಿ ಬೆಳಗಿಸಿದೆ.

ಕ್ಲಾಸಿನಲ್ಲಿ ಓದಿದಾಗ ಒಬ್ಬರಾದರೂ ಸಂಶಯಪಡಬೇಡವೇ? ಪಾಲಬಾವಿಯ ಜಕ್ಕಪ್ಪ ಕಣ್ಣೊರೆಸಿಕೊಂಡು, "ನನಗ ಮೊದ್ಲ ಗೊತ್ತಿತ್ತಲೇ. ಮನ್ಯಾಗ ಮಾವ ಇದ್ದಾಗ ಬ್ಯಾರೆ ವರ ಯಾಕ ಹುಡುಕ್ತಾರ?" ಎಂದ. ಸರ್ ಅಂತೂ ನೋಟ್ಸನ್ನೇ ಬರೆಸಿದರು: "ಇಂಗ್ಲಿಷರ ಕುಟುಂಬ ಪದ್ಧತಿಯಲ್ಲಿ ಸೋದರಮಾವನ ಸ್ಥಾನ."

ಆಗ ಸುಂದರಾ ಎದ್ದಳು.

"ಸರ, ಇದು ಹಂಗ ಮುಗಿಯೂದಿಲ್ರಿ."

"ಗೈಡಿನ್ಯಾಗ ಐತೇನವಾ?"

"ಗೈಡಿನ್ಯಾಗ ಇಲ್ರಿ. ಪುಸ್ತಕದಾಗ ಐತ್ರಿ."

"ಹಂಗಾರ ಪರೀಕ್ಷಾಕ್ಕ ಬರೂದಿಲ್ಲ. ಕುಂದರು."

ಅವಳು ಕೂರಲಿಲ್ಲ. ಲೈಬ್ರರಿಯಿಂದ ಮೂಲ ಪುಸ್ತಕ ತಂದಿಟ್ಟುಕೊಂಡಿದ್ದಳು. ಎಲ್ಲರೂ ಗದ್ದಲ ಮಾಡಿದ್ದಕ್ಕೆ ಸರ್ ಒಪ್ಪಿದರು. ಅವಳು ಓದುತ್ತ ಕನ್ನಡದಲ್ಲಿ ಹೇಳಿದಳು. ಮಾವ ಬಾಗಿಲು ತೆರೆದು ಟ್ರಂಕು ಒಳಗಿಡುತ್ತಾನೆ, ಬೆಂಕಿ ಹೊತ್ತಿಸಿ ಬಿಸಿ ಗಂಜಿ ಕೊಡುತ್ತಾನೆ, ಆಮೇಲೆ "ನಿನಗೇನು ಬೇಕು?" ಎಂದು ಕೇಳುತ್ತಾನೆ. ಗುಡ್ಡದಾಚೆಯ ಊರಲ್ಲಿ ಹುಡುಗಿಯರಿಗೆ ಶಾಲೆ ನಡೆಸಬೇಕು ಅನ್ನುತ್ತಾಳೆ ಅವಳು. ಬೆಳಗ್ಗೆ ಕುದುರೆ ಗಾಡಿ ಹೂಡಿ ಅಲ್ಲಿಗೆ ಬಿಟ್ಟು ಬಂದು, ಮಾವ ತನ್ನ ಸೇಬು ಕೀಳುತ್ತಾನೆ. ಮುಗಿಯಿತು.

ಕ್ಲಾಸು ರಣರಂಗವಾಯಿತು. ಜಕ್ಕಪ್ಪನಂತೂ ಬೆಂಚು ಗುದ್ದಿದ. "ಥೂ, ಎಂಥಾ ಮಾವಲೇ ಇವ! ಗಾಡಿ ಹೊಡ್ಯಾಕ ಇಷ್ಟ ವರ್ಷ ಫೀಜ ಕಟ್ಟಿದ್ನೇನು?"

ಹಿಂದಿನಿಂದ ಶೇವಂತಾ ಕೂಗಿದಳು, "ಫೀಜ ಕಟ್ಟಿದ್ನೋ, ಸಂತ್ಯಾಗ ಎಮ್ಮಿ ಹಿಡ್ಯಾಕ ಮುಂಗಡ ಇಸಾರ ಕೊಟ್ಟಿದ್ನೋ?"

ಜಕ್ಕಪ್ಪ ತಾನು ಗುದ್ದಿದ ಬೆಂಚಿನ ಧೂಳು ಒರೆಸತೊಡಗಿದ. ಅವನೂ ಅಕ್ಕನ ಮಗಳ ಫೀಜು ಕಟ್ಟುತ್ತಿದ್ದಾನಂತೆ.

ಸರ್ ಡಸ್ಟರ್ ಕುಟ್ಟಿ ತೀರ್ಪು ಕೊಟ್ಟರು: "ಪರೀಕ್ಷಾದಾಗ ಎಲ್ಲಾರೂ ಲಗ್ನಾನ ಬರೀರಿ. ಪೇಪರ ತಪಾಸೂ ಮಂದೀನೂ ಗೈಡ ನೋಡೇ ತಪಾಸ್ತಾರ." ಅವರ ಗೈಡೂ ಇದೇ ಗಂಟಿನದಾಗಿರಲಿ ಎಂದು ನಾನು ಹಣೆಗೆ ಕೈ ಹಚ್ಚಿ ಬೇಡಿಕೊಂಡೆ.

ಸದ್ಯಕ್ಕೆ ಇಷ್ಟು. ವಯಸ್ಸಿನಲ್ಲಿ ನಾನು ಚಿಕ್ಕವನಾದರೂ ಹೆಣ್ಣಿನ ಅಣ್ಣ, ಆ ಲೆಕ್ಕದಲ್ಲಿ ನಿನಗೆ ಹಿರಿಯ. ಆದ್ದರಿಂದ ಹರಸುತ್ತೇನೆ: ನಿನ್ನ ದ್ರಾಕ್ಷಿ ಸಿಹಿಯಾಗಲಿ, ನಿನ್ನ ಗಿರಾಕಿಗಳು ಯಾವ ಗೈಡನ್ನೂ ಕೊನೆಯವರೆಗೆ ಓದದಿರಲಿ.

ನಿನ್ನ ಪ್ರೀತಿಯ ಅಳಿಯ, ಇಂಗ್ಲಿಷ್ ಕಾದಂಬರಿಯ ಅರ್ಧ ಕರ್ತೃ,
ರಾವಸಾಹೇಬ

ತಾಜಾ ಕಲಮು: ಒಂದು ಮಾತು ಬರೆಯದೆ ಉಳಿದಿದೆ. ಮಾವ "ನಿನಗೇನು ಬೇಕು?" ಎಂದು ಕೇಳುವಲ್ಲಿ ಸುಂದರಾಳ ಓದು ನಿಂತುಬಿಟ್ಟಿತು. ಶಬ್ದದ ಅರ್ಥ ಗೊತ್ತಾಗದೆ ನಿಂತಳೆಂದು ತಿಳಿದು ಸರ್ ಮುಂದಿನದನ್ನು ತಪ್ಪಾಗಿ ಹೇಳಿಕೊಟ್ಟರು. ಎಲ್ಲರೂ ನಕ್ಕರು, ನಾನೂ. ಬಸ್ಸಿನಲ್ಲಿ ಚೇಷ್ಟೆ ಮಾಡಿದರೆ ಅವಳು ಕಿಟಕಿಯಾಚೆಯ ಕಬ್ಬು ನೋಡುತ್ತಲೇ ಹೇಳಿದಳು, "ಮಾಮಾ ಭಾಳ ಚಲೋ ಮನಶ್ಯಾ. ನನ್ನ ಫೀಜೂ ಅವನ ಕಟ್ಯಾನ. ಬಿ.ಎಡ್. ಮಾಡಿ ಸಾಲೀ ಕಲಸಬೇಕಂತ ನನ್ನ ಮನಸಿನ್ಯಾಗ ಇತ್ತು. ಯಾರರ ಕೇಳಿದ್ರ ನಾ ಹೇಳ್ತಿದ್ನೋ ಅಣ್ಣಾ."

ನಾನೂ ಕೇಳಿರಲಿಲ್ಲ ಮಾಮಾ. ಊರು ಬರುವತನಕ ನನಗೆ ಒಂದು ಚೇಷ್ಟೆಯೂ ಹೊಳೆಯಲಿಲ್ಲ.

ಈ ಪತ್ರದ ಸುದ್ದಿ ಅವಳಿಗೆ ಗೊತ್ತಿಲ್ಲ. ಶುಕ್ರವಾರದೊಳಗೆ ಬಾ. ನೀನು ಬಾಗಿಲು ಬಡಿದಾಗ ಅವಳೇ ತೆರೆಯುವಂತೆ ನಾನು ನೋಡಿಕೊಳ್ಳುತ್ತೇನೆ. ಮೋಟರ್‌ಸೈಕಲ್ ತಾ. ನೀನು ಕೇಳಿದಾಗ ಅವಳು ಲಗ್ನವೇ ಬೇಕೆಂದರೆ ಕೂರಿಸಿಕೊಂಡು ನಿಪ್ಪಾಣಿಗೆ ಹೋಗು, ಸೀರೆ ಅವಳೇ ಆರಿಸಲಿ. ಬಿ.ಎಡ್. ಬೇಕೆಂದರೆ ಬಸ್‌ಸ್ಟ್ಯಾಂಡಿನವರೆಗೆ ಅವಳ ಟ್ರಂಕು ಹಿಡಿದುಕೊಂಡು ಹಿಂದೆ ಕೂರಲು ನಾನಿದ್ದೇನೆ.